ಹೊಡೆದ ಹಕ್ಕಿಗೊಂದು ಹೆಸರಿರಲಿ

ಮಾನ್ಯರೇ,

ಬಾತುಗಳ ಬೇಟೆಗೆಂದು ಅರ್ಜೆಂಟೀನಾಕ್ಕೆ ಹೋಗುವ ಅಮೆರಿಕನ್ನರ ಕುರಿತು ಕಳೆದ ವಾರ ನಿಮ್ಮ ಪುರವಣಿಯಲ್ಲಿ ಬಂದ ಲೇಖನದಲ್ಲಿ ವಸತಿ, ಊಟ, ಬಂದೂಕುಗಳ ವಿವರ ಧಾರಾಳವಾಗಿತ್ತು. ಹೊಡೆದ ಹಕ್ಕಿಗಳು ಮಾತ್ರ ಮೊದಲಿನಿಂದ ಕೊನೆಯವರೆಗೆ ಬರೀ ‘ಬಾತುಕೋಳಿ’ಗಳಾಗಿಯೇ ಉಳಿದವು.

ಬ್ಯೂನಸ್ ಐರಿಸ್, ಸಾಂತಾ ಫೆ ಪ್ರಾಂತ್ಯಗಳ ಜೌಗುಗಳಲ್ಲಿ ಮೇ ತಿಂಗಳಿಂದ ಆಗಸ್ಟ್‌ವರೆಗೆ, ಅಂದರೆ ಅಮೆರಿಕದಲ್ಲಿ ಬೇಟೆ ನಿಂತಿರುವ ಕಾಲದಲ್ಲಿ, ಈ ಪ್ರವಾಸಿಗಳಿಗೆ ಎದುರಾಗುವುದು ಒಂದೇ ಬಗೆಯ ಹಕ್ಕಿಯಲ್ಲ. ಕೆಂಪು ಶವಲರ್, ಹಳದಿ ಕೊಕ್ಕಿನ ಸೂಜಿಬಾಲದ ಬಾತು, ಸಿಲ್ವರ್ ಟೀಲ್, ಗಂಡು ಹೆಣ್ಣು ಹೆಚ್ಚುಕಡಿಮೆ ಒಂದೇ ರೀತಿ ಕಾಣುವ ಚಿಲೋಯೆ ವಿಜನ್ ಇವೆಲ್ಲ ಅಲ್ಲಿವೆ. ಅಲ್ಲಿನ ಫಲ್ವಸ್ ಸಿಳ್ಳೆಬಾತು ಆಫ್ರಿಕಾದಲ್ಲೂ ಭಾರತದಲ್ಲೂ ಇದೆ. ಇಷ್ಟು ದೂರ ಹರಡಿಕೊಂಡಿದ್ದರೂ ಅದು ಉಪಜಾತಿಗಳಾಗಿ ಒಡೆದಿಲ್ಲ. ಇನ್ನು ಕಪ್ಪುತಲೆಯ ಬಾತಿನದು ಕೋಗಿಲೆಯ ಚಾಳಿ: ಗೂಡು ಕಟ್ಟುವ ಗೋಜಿಗೇ ಹೋಗದೆ ರೋಸಿಬಿಲ್ ಬಾತು, ನಾಮಕೋಳಿ ಮೊದಲಾದವುಗಳ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಆದರೆ ಕೋಗಿಲೆಗಿಂತ ಇದರ ಮರಿ ಸಭ್ಯ. ಮೊಟ್ಟೆಯೊಡೆದ ಒಂದೆರಡು ದಿನಗಳಲ್ಲೇ ಗೂಡು ಬಿಟ್ಟು ತನ್ನ ಪಾಡಿಗೆ ತಾನು ಬದುಕಿಕೊಳ್ಳುತ್ತದೆ.

ಹೆಸರಿನ ಪ್ರಶ್ನೆ ಪಕ್ಷಿವೀಕ್ಷಕರ ಮಡಿವಂತಿಕೆಯಲ್ಲ. ಅಮೆರಿಕದ ಮಿಸಿಸಿಪ್ಪಿ ವಲಸೆ ಮಾರ್ಗದ ರಾಜ್ಯಗಳಲ್ಲಿ ಇತ್ತೀಚಿನ ಋತುಗಳ ನಿಯಮದಂತೆ ಒಬ್ಬ ಬೇಟೆಗಾರ ದಿನಕ್ಕೆ 6 ಬಾತುಗಳನ್ನಷ್ಟೇ ಹೊಡೆಯಬಹುದು. ಅವುಗಳಲ್ಲಿ ಮಲ್ಲಾರ್ಡ್ 4ನ್ನು ಮೀರಬಾರದು, ಆ ನಾಲ್ಕರಲ್ಲೂ ಹೆಣ್ಣು 2ನ್ನು ಮೀರಬಾರದು. ಮಬ್ಬು ಬೆಳಕಿನಲ್ಲಿ ಹಾರಿಬರುವ ಹಕ್ಕಿಯ ಜಾತಿ, ಲಿಂಗ ಗುರುತಿಸಲಾಗದವನು ಅಲ್ಲಿ ಕಾನೂನು ಮುರಿದಂತೆಯೇ. ಅರ್ಜೆಂಟೀನಾದ ಆಕರ್ಷಣೆಯಿರುವುದು ಇದಕ್ಕಿಂತ ಸಡಿಲವಾದ ಮಿತಿಗಳಲ್ಲಿ ಎಂಬುದನ್ನೂ ಲೇಖಕರು ಹೇಳಬೇಕಿತ್ತು. ಬಂದೂಕಿನಿಂದ ಸಿಡಿಯುವ ಸಣ್ಣ ಸೀಸದ ಗುಂಡುಗಳ, ಅಂದರೆ ಚರೆಯ ಮಾತೂ ಬರಲಿಲ್ಲ. ಕಾಳು ಅರೆಯಲೆಂದು ಹರಳು ನುಂಗುವ ಬಾತುಗಳು ತಳದಲ್ಲಿ ಬಿದ್ದ ಚರೆಯನ್ನೂ ನುಂಗಿ ವಿಷವೇರಿ ಸಾಯುತ್ತವೆ ಎಂಬ ಕಾರಣಕ್ಕೆ ಅಮೆರಿಕ 1991ರಲ್ಲೇ ನೀರುಹಕ್ಕಿಗಳ ಬೇಟೆಯಲ್ಲಿ ಅದನ್ನು ದೇಶದಾದ್ಯಂತ ನಿಷೇಧಿಸಿತು.

ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಈಗ ಇಂಥ ಬೇಟೆಯಿಲ್ಲ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಹೋಗುವ ನನ್ನಂಥವರಿಗೆ ಅದು ಸಮಾಧಾನದ ಸಂಗತಿ. ಆದರೆ ಹಳೆಯ ಬೇಟೆ ಲೆಕ್ಕದ ಮಾದರಿಯೊಂದು ರಾಜಸ್ಥಾನದ ಭರತಪುರದಲ್ಲಿದೆ. 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ 4,273 ಹಕ್ಕಿಗಳು ಉರುಳಿದವು ಎಂದು ಅಲ್ಲಿನ ಕಲ್ಲಿನಲ್ಲಿ ಕೆತ್ತಿದ್ದಾರೆ. ಅತಿಥಿಯ ಹೆಸರು, ಬಂದೂಕುಗಳ ಸಂಖ್ಯೆ ಎಲ್ಲವೂ ಅಲ್ಲಿವೆ. ಬಿದ್ದದ್ದು ಯಾವ ಹಕ್ಕಿಗಳು ಎಂಬುದಿಲ್ಲ. ನಿಮ್ಮ ಲೇಖನ ಓದಿದಾಗ ನನಗೆ ನೆನಪಾದದ್ದು ಆ ಕಲ್ಲು.

ಅಂದಹಾಗೆ, ಲೇಖನದ ಜೊತೆಗಿದ್ದ ಚಿತ್ರದಲ್ಲಿ ಕಪ್ಪು ಮೈಯ, ಕೆಂಪು ಕೊಕ್ಕಿನ ಬುಡ ಉಬ್ಬಿರುವ, ‘ಕಾಡು ಬಾತುಕೋಳಿ’ ಎಂದು ಅಡಿಬರಹ ಕೊಟ್ಟಿರುವ ಹಕ್ಕಿ ಗಂಡು ರೋಸಿಬಿಲ್. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಪ್ರಕಟಿಸಬೇಕೆಂದು ವಿನಂತಿ.

– ಓದುಗ, ಗದಗ