ಪೀಠದ ಕೆಳಗೆ ನೋಡಿ ಎಂದವರಿಗೆ

ತಾಯ್ತನ ಮತ್ತು ದೈವ ಎಂಬ ವಿಷಯವನ್ನು ಹಿಡಿದು ಸಮೂಹ ಚಿತ್ರಪ್ರದರ್ಶನಕ್ಕೆ ಸಿದ್ಧತೆ ನಡೆಸಿರುವ ನಾವು ಕಲಾವಿದೆಯರು, ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ನಮಗೆ ನೆರವಾಗಿ ಹೆಸರನ್ನೂ ಹೇಳದೆ ಹೊರಟುಹೋದ ಹಿರಿಯ ಮಹಿಳೆಗೆ ಈ ಮೂಲಕ ಕೃತಜ್ಞತೆ ಸಲ್ಲಿಸುತ್ತಿದ್ದೇವೆ.

ನಾವು ಹೋದದ್ದು ನಾಗನಾಥಕೊಳ್ಳದಿಂದ ತಂದಿರಿಸಿದ ಲಜ್ಜಾಗೌರಿಯ ಶಿಲ್ಪವನ್ನು ನೋಡಲೆಂದು. ತಲೆಯ ಜಾಗದಲ್ಲಿ ಅರಳಿದ ತಾವರೆಯಿರುವ, ಹೆರಿಗೆಯನ್ನು ನೆನಪಿಸುವ ಭಂಗಿಯ ಆ ದೇವಿಯ ಮುಂದೆ ಸಂಕೋಚದಿಂದ ನಿಂತಿದ್ದ ನಮ್ಮ ಕಿರಿಯ ಗೆಳತಿಗೆ, ಸಂತಾನ ಬಯಸಿದ ಹೆಣ್ಣುಮಕ್ಕಳು ಹರಕೆ ಹೊತ್ತ ತಾಯಿ ಇವಳೆಂದು ತಾವು ಬಲು ಸಹಜವಾಗಿ ವಿವರಿಸಿದಿರಿ. ಆಕೆ ಹೊರಗೆ ಮೆಟ್ಟಿಲ ಮೇಲೆ ಕುಳಿತು ರೇಖಾಚಿತ್ರ ಆರಂಭಿಸಿಯೇ ಬಿಟ್ಟಳು.

ಅದಕ್ಕಿಂತಲೂ ಹೆಚ್ಚು ಉಪಕಾರವಾದದ್ದು ಸಪ್ತಮಾತೃಕೆಯರ ಕುರಿತ ತಮ್ಮ ಮಾತು. ಸವೆದ ಶಿಲಾಫಲಕಗಳಲ್ಲಿ ಮುಖವನ್ನು ಹುಡುಕದೆ ಪೀಠದ ಕೆಳಗಿನ ವಾಹನವನ್ನು ನೋಡಬೇಕು, ಹಂಸವಿದ್ದರೆ ಬ್ರಾಹ್ಮಿ, ನಂದಿಯಿದ್ದರೆ ಮಾಹೇಶ್ವರಿ, ನವಿಲಿದ್ದರೆ ಕೌಮಾರಿ, ಆನೆಯಿದ್ದರೆ ಇಂದ್ರಾಣಿ ಎಂದು ತಾವು ಹೇಳಿಕೊಟ್ಟದ್ದು ಈಗ ನಮ್ಮ ಏಳು ಚಿತ್ರಗಳ ಅಡಿಪಟ್ಟಿಯ ವಿನ್ಯಾಸವಾಗಿದೆ. ಕೆಲವು ಫಲಕಗಳಲ್ಲಿ ತೊಡೆಯ ಮೇಲೆ ಮಗುವಿರುವ ಈ ಮಾತೆಯರ ಸಾಲಿನಲ್ಲೇ ಎಲುಬುಗೂಡಿನಂಥ ಚಾಮುಂಡೆಯೂ ಕುಳಿತಿರುತ್ತಾಳೆ ಎಂದು ತಾವು ನೆನಪಿಸಿದ ಮೇಲೆ, ಕ್ಯಾಲೆಂಡರಿನ ನಗುಮುಖದ ದೇವಿಯರಷ್ಟೇ ಸಾಲದೆಂದು ನಮ್ಮಲ್ಲಿ ದೊಡ್ಡ ಚರ್ಚೆಯೇ ನಡೆಯಿತು. (ಅದಿನ್ನೂ ಮುಗಿದಿಲ್ಲ.)

ವಾರಾಹಿಗೆ ನಾವು ಕೋಣವನ್ನು ವಾಹನವಾಗಿ ಬರೆದಿದ್ದೇವೆ. ಅದನ್ನು ಪರಿಶೀಲಿಸುವ ನೆಪದಲ್ಲಾದರೂ ತಾವು ಪ್ರದರ್ಶನಕ್ಕೆ ಬರಬೇಕೆಂದು ಕೋರುತ್ತೇವೆ.