ನಯಾಗರಾ ದಂಡೆಯಿಂದ

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. "ಇಷ್ಟು ಚಳಿಯಲ್ಲಿ ನದಿ ಹತ್ತಿರ ನಿಂಗೇನು ಕೆಲಸ?" ಅಂತ ಅಮ್ಮ ಫೋನಿನಲ್ಲಿ ಕೇಳಿದ್ದರಲ್ಲ, ಅದಕ್ಕೇ ಈ ಪತ್ರ. ಗಲ್ ಹಕ್ಕಿ, ಅಂದರೆ ಕಡಲು, ನದಿಗಳ ಬಳಿ ಇರುವ ನೀರುಹಕ್ಕಿ ನೋಡಲು ಹೋಗುತ್ತೇನಮ್ಮ. ಬೆಳಗಿನಿಂದ ಸಂಜೆಯವರೆಗೂ ಅದೇ ಕೆಲಸ.

ನಯಾಗರಾ ಅಂದರೆ ಎಲ್ಲರಿಗೂ ಜಲಪಾತವೇ ಕಣ್ಣಮುಂದೆ ಬರುತ್ತದೆ. ನಾವು ನಿಲ್ಲುವುದು ನದಿ ಅದನ್ನು ದಾಟಿ ಮುಂದೆ ಹರಿಯುವಲ್ಲಿ, ಕೆನಡಾ ಕಡೆಯ ಆಡಂ ಬೆಕ್ ವಿದ್ಯುತ್ ಕೇಂದ್ರದ ಹತ್ತಿರದ ರಸ್ತೆ ಬದಿಯಲ್ಲಿ. ಕೆಳಗೆ ಆಳವಾದ ಕಮರಿ, ಅದರಲ್ಲಿ ನದಿ. ಆಚೆ ದಂಡೆ ಅಮೆರಿಕ, ಅಲ್ಲೂ ಒಂದು ವಿದ್ಯುತ್ ಕೇಂದ್ರವಿದೆ. ಸೆಳೆತ ಜೋರಾಗಿರುವುದರಿಂದ ಸುತ್ತಲಿನ ಕೊಳಗಳು ಹೆಪ್ಪುಗಟ್ಟಿದರೂ ಇಲ್ಲಿ ನೀರು ಹರಿಯುತ್ತಲೇ ಇರುತ್ತದೆ. ಟರ್ಬೈನುಗಳಿಂದ ಹೊರಬೀಳುವ ನೀರಿನಲ್ಲಿ ಪೆಟ್ಟು ತಿಂದ ಸಣ್ಣ ಮೀನುಗಳು ಮೇಲಕ್ಕೆ ಬರುತ್ತವೆ. ಗಲ್‌ಗಳಿಗೆ ಇನ್ನೇನು ಬೇಕು? ನವೆಂಬರ್, ಡಿಸೆಂಬರ್ ಹೊತ್ತಿಗೆ ಸಾವಿರಗಟ್ಟಲೆ ಬಂದು ಸೇರುತ್ತವೆ. ಈ ನದಿಯಲ್ಲಿ ಇದುವರೆಗೆ 19 ಜಾತಿಯ ಗಲ್‌ಗಳು ಕಂಡಿವೆ ಅಂದರೆ ನೋಡಿ!

ದೂರದಿಂದ ಎಲ್ಲಾ ಒಂದೇ ಥರ, ಬಿಳಿ-ಬೂದು. ಹತ್ತಿರದಿಂದ ನೋಡಿದರೆ ತಲೆ ಕೆಡುತ್ತದೆ. ಹೆರಿಂಗ್ ಗಲ್ ಮರಿ ಮೊದಲ ವರ್ಷ ಪೂರ್ತಿ ಕಂದು. ದೊಡ್ಡ ಹಕ್ಕಿಯ ಬಣ್ಣ ಬರಲು ಸುಮಾರು ನಾಲ್ಕು ವರ್ಷ ಬೇಕು, ಅಲ್ಲಿಯತನಕ ವರ್ಷಕ್ಕೊಂದು ವೇಷ. ಹಾಗಾಗಿ ಒಬ್ಬರೇ ನಿಂತು ಇದನ್ನು ಬಿಡಿಸುವುದು ಕಷ್ಟ. ನಮ್ಮ ಗುಂಪಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ, ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೇ ಬರುವ ನರ್ಸ್ ಇದ್ದಾರೆ, ಒಬ್ಬ ಹೈಸ್ಕೂಲ್ ಹುಡುಗನೂ ಇದ್ದಾನೆ. ಎಲ್ಲರಿಗಿಂತ ಚುರುಕು ಕಣ್ಣು ಅವನದೇ.

ಕಳೆದ ಶನಿವಾರ ನೀರಂಚಿನ ಬಂಡೆ ಮೇಲೆ ಒಂದು ಪೂರ್ತಿ ತಿಳಿ ಬಣ್ಣದ ಗಲ್ ಕೂತಿತ್ತು. ರೆಕ್ಕೆ ತುದಿಯಲ್ಲಿ ಕಪ್ಪೇ ಇಲ್ಲ. ಐಸ್‌ಲ್ಯಾಂಡ್ ಗಲ್ಲೋ, ಗ್ಲಾಕಸ್ ಗಲ್ಲೋ? ಚರ್ಚೆ ಶುರುವಾಯಿತು. ಮೇಷ್ಟ್ರು ಮಾತಾಡಲಿಲ್ಲ. ತಮ್ಮ ಸ್ಕೋಪನ್ನು (ಕಾಲುಗಳ ಮೇಲೆ ನಿಲ್ಲಿಸುವ ದುರ್ಬೀನು) ನನ್ನ ಎತ್ತರಕ್ಕೆ ಇಳಿಸಿ, "ಮೊದಲು ಕೊಕ್ಕು ನೋಡು" ಅಂದರು. ಉದ್ದ, ದಪ್ಪ ಕೊಕ್ಕು. ಬುಡವೆಲ್ಲ ಗುಲಾಬಿ, ತುದಿ ಮಾತ್ರ ಮಸಿಯಲ್ಲಿ ಅದ್ದಿ ತೆಗೆದ ಹಾಗೆ ಕಪ್ಪು. ಪಕ್ಕದಲ್ಲಿದ್ದ ಹೆರಿಂಗ್ ಗಲ್‌ಗಿಂತ ಮೈಯೂ ದೊಡ್ಡದು. ಐಸ್‌ಲ್ಯಾಂಡ್ ಗಲ್ ಆಗಿದ್ದರೆ ತಲೆ ದುಂಡಗೆ, ಕೊಕ್ಕು ಚಿಕ್ಕದು, ರೆಕ್ಕೆ ಬಾಲಕ್ಕಿಂತ ಚೆನ್ನಾಗಿ ಹಿಂದಕ್ಕೆ ಚಾಚಿರುತ್ತಿತ್ತು. ಇದು ಗ್ಲಾಕಸ್, ಮೊದಲ ಚಳಿಗಾಲದ್ದು. ಆರ್ಕ್‌ಟಿಕ್‌ನಲ್ಲಿ ಹುಟ್ಟಿ ವರ್ಷ ಕೂಡ ತುಂಬಿಲ್ಲ!

ನನಗೆ ತುಂಬಾ ಇಷ್ಟವಾದದ್ದು ಬೋನಪಾರ್ಟ್ ಗಲ್. ಪುಟ್ಟದು, ಹಗುರ, ನೀರಿನ ಮೇಲೆ ತೇಲಿದಂತೆ ಹಾರುತ್ತದೆ. ಚಳಿಗಾಲದಲ್ಲಿ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ. ಹೆಚ್ಚಿನ ಗಲ್‌ಗಳು ನೆಲದ ಮೇಲೋ ಬಂಡೆ ಮೇಲೋ ಗೂಡು ಕಟ್ಟಿದರೆ, ಇದು ಉತ್ತರದ ಕಾಡಿನ ಮರಗಳಲ್ಲಿ ಕಟ್ಟುತ್ತದೆ. ಇವುಗಳ ನಡುವೆಯೇ ಎಲ್ಲೋ ಒಂದು ಲಿಟಲ್ ಗಲ್ ಸೇರಿಕೊಂಡಿರುತ್ತದೆ, ಜಗತ್ತಿನ ಅತಿ ಚಿಕ್ಕ ಗಲ್ ಅದು. ರೆಕ್ಕೆ ಎತ್ತಿದಾಗ ಅಡಿಭಾಗ ಗಾಢ ಕಪ್ಪಾಗಿ ಕಂಡರೆ ಅದೇ. ಆ ಹುಡುಗ "ಬಿಳಿ ನೊರೆಯ ಎಡಕ್ಕೆ, ಈಗ ಮೇಲೆ, ಮೇಲೆ!" ಅಂತ ಕೂಗಿದಾಗ ಎಲ್ಲರ ಸ್ಕೋಪೂ ಒಟ್ಟಿಗೆ ತಿರುಗಿತು. ನನಗೂ ಸಿಕ್ಕಿತು. ಅಷ್ಟು ಖುಷಿ ಈಚೆಗೆ ಯಾವುದರಿಂದಲೂ ಆಗಿರಲಿಲ್ಲ.

ಕತ್ತಲಾಗುವ ಮೊದಲು ಇವೆಲ್ಲ ರಾತ್ರಿ ಕಳೆಯಲು ಒಂಟಾರಿಯೊ ಸರೋವರದ ಕಡೆ ಹಾರುತ್ತವೆ. ಮುಂದಿನ ವಾರ ಅದನ್ನು ನೋಡಲು ನದಿ ದಂಡೆಯ ಕ್ವೀನ್‌ಸ್ಟನ್ ಊರಿಗೆ ಹೋಗುತ್ತಿದ್ದೇವೆ. ಚಳಿಗೆ ಸ್ವೆಟರ್, ಟೋಪಿ, ಎರಡೆರಡು ಕಾಲುಚೀಲ ಎಲ್ಲಾ ಹಾಕುತ್ತೇನೆ. ಅಮ್ಮ ಚಿಂತೆ ಮಾಡಬೇಡಿ.

ಅಪ್ಪ, ನೀವು ಈ ತಿಂಗಳು ಮಲ್ಪೆ ಕಡೆ ಹೋಗುತ್ತೀರಲ್ವಾ? ಬಂದರಿನ ಹತ್ತಿರ ಗಲ್ ಕಂಡರೆ ರೆಕ್ಕೆ ತುದಿ ನೋಡಿ. ಕಪ್ಪು ತುದಿಯ ಒಳಗೆ ಬಿಳಿ ಚುಕ್ಕೆ ಇದ್ದರೆ ಅದು ಕಂದುತಲೆಯ ಗಲ್ ಇರಬಹುದು. ಚಳಿಗಾಲದಲ್ಲಿ ಅದರ ತಲೆಯೂ ಬೆಳ್ಳಗಿರುತ್ತದೆ, ಕಣ್ಣಿನ ಹಿಂದೆ ಅಂಥದ್ದೇ ಚುಕ್ಕೆ. ಸಾಧ್ಯವಾದರೆ ಫೋಟೋ ತೆಗೆದು ಕಳಿಸಿ, ಮೇಷ್ಟ್ರಿಗೂ ತೋರಿಸುತ್ತೇನೆ.

ನಿಮ್ಮ ಮಗ