ಆರೋಗ್ಯ ಸಚಿವರಿಗೊಂದು ಪತ್ರ: ಲಸಿಕೆಗೆ ಬಂದ ಮಗುವಿನ ಕತ್ತನ್ನೂ ನೋಡಿಸಿ

ಮಾನ್ಯ ಆರೋಗ್ಯ ಸಚಿವರೇ,

ನಾನು ಮಕ್ಕಳ ಫಿಸಿಯೋಥೆರಪಿಸ್ಟ್. ನನ್ನ ಹತ್ತಿರ ಬರುವ ಎಷ್ಟೋ ಅಮ್ಮಂದಿರು ಹೇಳುವುದು ಒಂದೇ: "ಮಗುವಿನ ಕತ್ತು ನಿಲ್ತಿಲ್ಲ ಅಂತ ಆಸ್ಪತ್ರೆಯಲ್ಲಿ ಮೊದಲೇ ಕೇಳಿದ್ದೆ ಮೇಡಂ. ಕೆಲವು ಮಕ್ಕಳು ನಿಧಾನ, ಕಾದು ನೋಡಿ ಅಂದ್ರು." ಕೆಲವು ಮಕ್ಕಳು ನಿಧಾನ ಅನ್ನುವುದು ನಿಜ. ಆದರೆ ಸ್ನಾಯುಗಳ ಬಿಗಿ ಕಡಿಮೆಯಾಗಿ ಮೈಯೇ ಸಡಿಲವಾಗಿರುವ (ಇದಕ್ಕೆ ಹೈಪೋಟೋನಿಯಾ ಅನ್ನುತ್ತಾರೆ) ಮಗುವಿಗೂ ಅದೇ ಮಾತು ಹೇಳಿ ಕಳಿಸಿದರೆ ಹೇಗೆ?

ಇದನ್ನು ಗುರುತಿಸಲು ದೊಡ್ಡ ಯಂತ್ರ ಬೇಡ. ಕಂಕುಳಿಗೆ ಕೈಕೊಟ್ಟು ಎತ್ತಿದರೆ ಮಗು ಜಾರುತ್ತದೆ. ಅಂಗಾತ ಮಲಗಿಸಿದರೆ ಕಾಲುಗಳು ಕಪ್ಪೆಯ ಕಾಲಿನ ಹಾಗೆ ಅಗಲಕ್ಕೆ ಬಿದ್ದಿರುತ್ತವೆ. ಕೈ ಹಿಡಿದು ಮೆಲ್ಲಗೆ ಎಬ್ಬಿಸಿದರೆ ತಲೆ ಹಿಂದೆಯೇ ಉಳಿಯುತ್ತದೆ. ಎಳೆ ಕೂಸಿನಲ್ಲಿ ತಲೆ ಹಿಂದೆ ಬೀಳುವುದು ಸಹಜ. ನಾಲ್ಕೈದು ತಿಂಗಳಾದರೂ ಕತ್ತು ನಿಲ್ಲದಿದ್ದರೆ ಸುಮ್ನೆ ಕೂರಬಾರದು. ಹಾಲು ಕುಡಿಯುವಾಗ ಬೇಗ ಸುಸ್ತಾಗುವುದು, ಅಳು ಕ್ಷೀಣವಾಗಿರುವುದು ಕೂಡ ಸುಳಿವೇ. "ಬಲು ಸಾಧು ಮಗು" ಎಂದು ಮನೆಯವರು ಖುಷಿಪಡುವುದು ಕೆಲವೊಮ್ಮೆ ಇಂಥ ಮಗುವನ್ನು ನೋಡಿಯೇ!

ಹೈಪೋಟೋನಿಯಾ ಒಂದು ಲಕ್ಷಣ ಅಷ್ಟೇ, ಅದರ ಹಿಂದೆ ಏನು ಬೇಕಾದರೂ ಇರಬಹುದು. ಡೌನ್ ಸಿಂಡ್ರೋಮ್, ಹೆರಿಗೆ ಹೊತ್ತಿನಲ್ಲಿ ಮಿದುಳಿಗೆ ಆಕ್ಸಿಜನ್ ಸಾಲದೆ ಹೋಗಿದ್ದು, ನರ ಅಥವಾ ಸ್ನಾಯುವಿನ ಕಾಯಿಲೆ. ಏನೂ ಕಾರಣ ಸಿಗದೆ, ತಡವಾಗಿಯಾದರೂ ಚೆನ್ನಾಗಿ ನಡೆಯುವ ಮಕ್ಕಳೂ ಇದ್ದಾರೆ. ಹಾಗಾಗಿ ತಂದೆತಾಯಿಯನ್ನು ಹೆದರಿಸಿ ಎಂದು ನಾನು ಕೇಳುತ್ತಿಲ್ಲ.

ಆದರೆ ಎರಡು ಕಾಯಿಲೆಗಳು ಕಾಯುವುದಿಲ್ಲ. ಒಂದು, ಹುಟ್ಟಿನಿಂದಲೇ ಬರುವ ಥೈರಾಯ್ಡ್ ಕೊರತೆ. ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯಲ್ಲಿ ಗೊತ್ತಾಗುತ್ತದೆ. ಮೊದಲ ಎರಡು ವಾರದೊಳಗೆ ಮಾತ್ರೆ ಶುರುವಾದರೆ ಮಿದುಳು ಉಳಿಯುತ್ತದೆ. ತಡವಾದರೆ ಆದ ನಷ್ಟ ಪೂರ್ತಿ ತುಂಬುವುದಿಲ್ಲ. ಇನ್ನೊಂದು, ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ, ಅಂದರೆ ಸ್ನಾಯುಗಳು ಸೊರಗುತ್ತಾ ಹೋಗುವ ಆನುವಂಶಿಕ ಕಾಯಿಲೆ. ಈ ಮಗುವಿನ ಕಣ್ಣು ಚುರುಕು, ನಗುತ್ತದೆ, ಮಾತಾಡಿಸಿದರೆ ನೋಡುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಒಳಗೆ ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುತ್ತಿರುತ್ತವೆ, ಸತ್ತವು ಮರಳಿ ಬರುವುದಿಲ್ಲ. ಇದರ ಮೊದಲ ಔಷಧಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2016ರಲ್ಲಿ. ಆಮೇಲೆ ಇನ್ನೂ ಬಂದಿವೆ. ಲಕ್ಷಣ ಕಾಣುವ ಮೊದಲೇ ಕೊಟ್ಟರೆ ಹೆಚ್ಚು ಫಲ. (ಅವುಗಳ ಬೆಲೆಯ ವಿಷಯಕ್ಕೆ ಬೇರೆಯೇ ಪತ್ರ ಬೇಕು, ಬರೆಯುತ್ತೇನೆ.) ಇದಕ್ಕೂ ರಕ್ತದ ಹನಿಯ ಪರೀಕ್ಷೆ ಇದೆ.

ಆದ್ದರಿಂದ ಈ ಎರಡನ್ನೂ ನವಜಾತ ಶಿಶುಗಳ ರಕ್ತಪರೀಕ್ಷೆಯಲ್ಲಿ ಸೇರಿಸಿ. ಲಸಿಕೆಗೆ ಬಂದ ಮಗುವನ್ನು ನರ್ಸ್ ಹೇಗೂ ಎತ್ತಿ ತೂಕ ಮಾಡುತ್ತಾರೆ ಅಲ್ವಾ? ಆಗಲೇ ಕತ್ತು, ಕೈಕಾಲು ನೋಡಿ ಬರೆದಿಡಲು ಕಾರ್ಡಿನಲ್ಲಿ ಒಂದು ಕಾಲಂ ಕೊಡಿ. ಅನುಮಾನ ಬಂದರೆ ನೇರವಾಗಿ ಮಕ್ಕಳ ನರರೋಗ ತಜ್ಞರ ಬಳಿಗೆ ಕಳಿಸುವ ಅಧಿಕಾರವನ್ನೂ ಅವರಿಗೆ ಕೊಡಿ.

ಇನ್ನೊಂದು ಮಾತು. ಜೀನ್ ಪರೀಕ್ಷೆಯ ವರದಿ ಬರಲಿ ಎಂದು ಥೆರಪಿಯನ್ನು ತಡೆಹಿಡಿಯುವುದನ್ನು ಜಾಸ್ತಿ ನೋಡಿದ್ದೇನೆ. ಮಗುವನ್ನು ಹೇಗೆ ಕೂರಿಸಬೇಕು, ಉಸಿರುಗಟ್ಟದಂತೆ ಹೇಗೆ ಹಾಲು ಕುಡಿಸಬೇಕು ಎಂದು ಹೇಳಿಕೊಡಲು ಕಾಯಿಲೆಯ ಹೆಸರು ಬೇಕಿಲ್ಲ. ವರದಿ ಇಲ್ಲದೆಯೂ ಥೆರಪಿ ಶುರು ಮಾಡಬಹುದು ಎಂದು ನಿಮ್ಮ ಇಲಾಖೆಯಿಂದ ಒಂದು ಸುತ್ತೋಲೆ ಹೊರಡಿಸಿ. ನರ್ಸ್‌ಗಳಿಗೆ ತರಬೇತಿ ಕೊಡಲು ನಾನು ಬರುತ್ತೇನೆ.

ಇಂತಿ,
ಮಕ್ಕಳ ಫಿಸಿಯೋಥೆರಪಿಸ್ಟ್ ಒಬ್ಬಳು